ಮೂರು ಗಡ್ಡ, ಒಂದು ಸ್ಕೇಲು

ಬದುಕಿನಲ್ಲಿ ನಾನು ಮೂರು ಸಲ ಗಡ್ಡ ಬಿಟ್ಟಿದ್ದೇನೆ. ಒಂದನ್ನೂ ಚಂದಕ್ಕೆಂದು ಬಿಟ್ಟದ್ದಲ್ಲ. 1982ರಲ್ಲಿ, 22ನೆಯ ವಯಸ್ಸಿನಲ್ಲಿ, ಅಯ್ಯಪ್ಪನ ಮಾಲೆ ಹಾಕಿ 41 ದಿನ. 1991ರಲ್ಲಿ ಹೆಂಡತಿ ಬಸುರಿಯಾಗಿದ್ದಾಗ, ಗಂಡ ಕತ್ತಿ ತಾಗಿಸಬಾರದೆಂಬ ಅಮ್ಮನ ಕಟ್ಟಪ್ಪಣೆಯಂತೆ ನಾಲ್ಕು ತಿಂಗಳು. 2020ರಲ್ಲಿ ಗಣಿತದ ಮೇಷ್ಟರ ಕೆಲಸದಿಂದ ನಿವೃತ್ತನಾದಾಗ ಕೊರೊನಾಕ್ಕೆ ಹೆದರಿ ಕ್ಷೌರದಂಗಡಿಗೆ ಹೋಗಲಿಲ್ಲ. ಆಗ ಬಂದದ್ದು ಇನ್ನೂ ಇದೆ.

ಮೊದಲನೆಯದನ್ನು ಗಡ್ಡವೆನ್ನಲು ಧಾರಾಳ ಮನಸ್ಸು ಬೇಕು. ಗದ್ದದ ತುದಿಯಲ್ಲಿ ಒಂದು ಚಿಟಿಕೆ, ಬಾಯಿಯ ಆಚೀಚೆ ನಾಲ್ಕು ಎಳೆ. ಕೆನ್ನೆಯಂತೂ ಮಳೆ ಕೈಕೊಟ್ಟ ರಾಗಿಹೊಲ. "ಸ್ವಾಮಿ, ನಿಮ್ಮದಿನ್ನೂ ಮೊಳಕೆ" ಎಂದು ಗುರುಸ್ವಾಮಿಗಳೇ ನಕ್ಕಿದ್ದರು. 31ರಲ್ಲಿ ಅದೇ ಹೊಲ ಸಂದಿಲ್ಲದೆ ತುಂಬಿತ್ತು. ಕೆನ್ನೆಯಲ್ಲಿ ಹುಟ್ಟಿನಿಂದಲೇ ಇರುವ ನವಿರು ರೋಮವನ್ನು ಗಂಡಸಿನ ಹಾರ್ಮೋನು ಸ್ವಲ್ಪ ಸ್ವಲ್ಪವಾಗಿ ದಪ್ಪ ಕೂದಲಾಗಿಸುತ್ತದೆ. ಈ ಕೆಲಸ ಹರೆಯಕ್ಕೇ ಮುಗಿಯುವುದಿಲ್ಲ, ಮೂವತ್ತರ ಹೊತ್ತಿಗೂ ನಡೆದಿರುತ್ತದೆ. ವಿಚಿತ್ರವೆಂದರೆ ಬೋಳಾಗುವ ನೆತ್ತಿಯಲ್ಲಿ ಅದೇ ಹಾರ್ಮೋನು ದಪ್ಪ ಕೂದಲನ್ನು ಮರಳಿ ರೋಮವಾಗಿಸುತ್ತದೆ. ನನಗೆ ಎರಡೂ ಒಟ್ಟಿಗೇ ಆದವು: ಮೇಲಿನ ಖಾತೆಯಲ್ಲಿ ಖರ್ಚು, ಕೆಳಗಿನ ಖಾತೆಯಲ್ಲಿ ಜಮೆ.

ಎರಡನೆಯ ಗಡ್ಡದ 41ನೆಯ ದಿನ ಸುಮ್ಮನೆ ಕುತೂಹಲಕ್ಕೆ ಶಾಲೆಯ ಸ್ಕೇಲನ್ನು ಗದ್ದಕ್ಕೆ ಹಿಡಿದಿದ್ದೆ: ಒಂದೂವರೆ ಸೆಂಟಿಮೀಟರ್. 60ರಲ್ಲಿ ಮತ್ತೆ 41ನೆಯ ದಿನ ಹಿಡಿದೆ. ಅದೇ ಒಂದೂವರೆ. ವಯಸ್ಸಾದಂತೆ ಗಡ್ಡ ಬೇಗ ಬೆಳೆಯುತ್ತದೆಂದು ನಂಬಿದ್ದವನಿಗೆ ಇದು ಹಿಡಿಸಲಿಲ್ಲ. ಆದ್ದರಿಂದ ಪೂರಾ ಗಡ್ಡಕ್ಕೆ ಒಮ್ಮೆ ಕಪ್ಪು ಬಣ್ಣ ಹಚ್ಚಿ 30 ದಿನ ಕಾದೆ. ಬುಡದಲ್ಲಿ ಮೂಡಿದ ಬಿಳಿ ಗೆರೆ 11 ಮಿಲಿಮೀಟರ್ ಇತ್ತು. ನರೆತ ಮೇಲೆ ಇದಕ್ಕಿಂತ ಸುಲಭದ ಅಳತೆಯಿಲ್ಲ.

ಒಂದು ವರ್ಷದವರೆಗೆ ಲೆಕ್ಕ ಸರಿಯಾಗಿ ನಡೆಯಿತು. ಎರಡು ದಾಟಿದ ಮೇಲೆ ಮಂದವಾಗಿ, 28 ಸೆಂಟಿಮೀಟರಿಗೆ ಬಂದು ನಿಂತೇಬಿಟ್ಟಿತು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕೊನೆಗೆ ಮಗ ತಂದುಕೊಟ್ಟ ದುಬಾರಿ ಸೀಸೆಯ ಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ.

ಉತ್ತರ ಸಿಕ್ಕಿದ್ದು ಬಾಚಣಿಗೆಯಲ್ಲಿ. ಒಂದು ತಿಂಗಳು ಹೆಗಲ ಮೇಲೆ ಬಿಳಿ ಪಂಚೆ ಹೊದ್ದು ಬಾಚಿಕೊಂಡು, ಉದುರಿದ ಪ್ರತಿಯೊಂದು ಎಳೆಯನ್ನೂ ಹಳೆಯ ಡೈರಿಗೆ ಅಂಟಿಸಿದೆ. (ಮನೆಯಾಕೆ ಆ ಡೈರಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ.) ಬುಡದಲ್ಲಿ ಗಸಗಸೆಗಿಂತ ಚಿಕ್ಕ ಬಿಳಿ ಗಂಟಿದ್ದರೆ ಅದು ಆಯಸ್ಸು ತುಂಬಿ ಉದುರಿದ್ದು, ಗಂಟಿಲ್ಲದ್ದು ಮುರಿದದ್ದು. ತುದಿಯನ್ನೂ ನೋಡಬೇಕು. ಒಮ್ಮೆ ಬ್ಲೇಡು ಕಂಡ ಕೂದಲಿನ ತುದಿ ಮೊಂಡಾಗಿರುತ್ತದೆ, ಕಾಣದ್ದು ಸೂಜಿಯಂತೆ ಸಪೂರವಾಗುತ್ತಾ ಹೋಗುತ್ತದೆ. ಬುಡದಲ್ಲಿ ಗಂಟು, ಕೊನೆಯಲ್ಲಿ ಚೂಪು, ಎರಡೂ ಇದ್ದ ಎಳೆಗಳನ್ನಷ್ಟೇ ಅಳೆದೆ. ಗದ್ದದವು ಹೆಚ್ಚಿನವು 20ರಿಂದ 27 ಸೆಂಟಿಮೀಟರ್, ಕೆನ್ನೆಯವು 10ರ ಆಸುಪಾಸು, ಮೀಸೆಯವು ಅದಕ್ಕೂ ಗಿಡ್ಡ. ತಿಂಗಳಿಗೆ 11 ಮಿಲಿಮೀಟರಿನಂತೆ ಭಾಗಿಸಿದರೆ ನನ್ನ ಗದ್ದದ ಕೂದಲು ಬೆಳೆಯುವ ಕಾಲ ಎರಡು ವರ್ಷದ ಸುತ್ತಮುತ್ತ. ಗಡ್ಡ ನಿಂತಿರಲಿಲ್ಲ, ಬೆಳೆದಷ್ಟೂ ಉದುರುತ್ತಿತ್ತು, ಅಷ್ಟೇ.

ಹಾಗಾದರೆ 1927ರಲ್ಲಿ ತೀರಿಕೊಂಡ, ನಾರ್ವೆ ಮೂಲದ ಅಮೆರಿಕದ ಹಾನ್ಸ್ ಲ್ಯಾಂಗ್‌ಸೆತ್‌ನ ಹದಿನೇಳೂವರೆ ಅಡಿ ಗಡ್ಡ? ಅದು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಉದುರಬೇಕಾದ ಕೂದಲೂ ಹೊಸೆದುಕೊಂಡು ನಮ್ಮ ಸಾಧುಗಳ ಜಡೆಯಂತೆ ಉಳಿದದ್ದರಿಂದ ಅಷ್ಟು ಉದ್ದ. ನನ್ನ ಹಾಗೆ ದಿನಾ ಬಾಚುವವನಿಗೆ ಅದು ದಕ್ಕುವುದಿಲ್ಲ.

31ರ ಗಡ್ಡ ಎಲ್ಲಿಗೆ ಬಂದು ನಿಲ್ಲುತ್ತಿತ್ತೋ ನೋಡಲಾಗಲಿಲ್ಲ. ಮಗ ಹುಟ್ಟಿದ, ಬೋಳಿಸಿದೆ. ಈಗ ಗಡ್ಡದ ತುಂಬ ಒರಟು ಬಿಳಿ ಎಳೆಗಳು, ಹೇಳಿದ ಮಾತು ಕೇಳದೆ ಅಡ್ಡಡ್ಡ ನಿಲ್ಲುತ್ತವೆ. ಉದ್ದವಾಗುವ ಉಮೇದು ಬೇರೆಡೆಗೆ ಹೋಗಿದೆ. ನಲವತ್ತರವರೆಗೆ ಕತ್ತರಿಯನ್ನೇ ಕಾಣದ ಹುಬ್ಬು ಕನ್ನಡಕದ ಗಾಜಿನ ಮೇಲೆ ಇಳಿಯುತ್ತದೆ, ಕಿವಿಯೊಳಗೂ ಚಿಗುರು. ಮೊನ್ನೆ ಅಂಗಡಿಯ ಹುಡುಗ ಗಡ್ಡವನ್ನು ಎರಡೇ ನಿಮಿಷದಲ್ಲಿ ಮುಗಿಸಿ, "ಮೇಷ್ಟ್ರೇ, ಕಣ್ಣು ಮುಚ್ಚಿ" ಎಂದು ಹುಬ್ಬಿಗೆ ಕತ್ತರಿ ಹಿಡಿದ. ಮಡಿಲಿಗೆ ಬಿದ್ದ ಒಂದೆಳೆಯನ್ನು ಕಾಗದದಲ್ಲಿ ಮಡಚಿ ತಂದು ಅಳೆದೆ: ಮೂರು ಸೆಂಟಿಮೀಟರ್.