ಚಪ್ಪರ ಕಳಚುವ ಹೊತ್ತಿಗೆ ಡೇರೆ ಗೆಡ್ಡೆ

ನಮ್ಮ ಸಾಗರ ಸೀಮೆಯಲ್ಲಿ ಮೇ ತಿಂಗಳ ಮದುವೆ ಮುಗಿಸಿ ಹೊರಟ ಹೆಂಗಸರ ಕೈಚೀಲ ನೋಡಿ: ತಾಂಬೂಲದ ತೆಂಗಿನಕಾಯಿಯ ಪಕ್ಕದಲ್ಲಿ ಕಾಗದ ಸುತ್ತಿದ ಒಂದೆರಡು ಡೇರೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆಗಳೂ ಇರುತ್ತವೆ. "ಅತ್ತಿಗೆ, ನಿಮ್ಮನೆಯ ಆ ಬಿಳಿ ಅಂಚಿನ ಕೆಂಪು ಡೇರೆಯ ಒಂದು ಗೆಡ್ಡೆ ಕೊಡಿ" ಎಂದು ಕೇಳಿ ಪಡೆದದ್ದು. ಎಷ್ಟೋ ಜನರಿಗೆ ಅದು ಹುಟ್ಟುವುದೇ ಇಲ್ಲ. ಆಗ ಕೊಟ್ಟವರ ಮೇಲೆ ಅನುಮಾನ. ಪಾಪ, ಅವರದೇನೂ ತಪ್ಪಿಲ್ಲ. ಗೆಡ್ಡೆಗೆ ಕಣ್ಣಿರಲಿಲ್ಲ, ಅಷ್ಟೆ.

ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಹಳೆಯ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯ ಭಾಗದಲ್ಲಿ ಮಾತ್ರ ಮೊಳಕೆ ಬರುತ್ತದೆ. ಗೊಂಚಲಿನಿಂದ ಗೆಡ್ಡೆಯನ್ನು ಪಟಕ್ಕನೆ ಮುರಿದರೆ ಕುತ್ತಿಗೆ ಅಲ್ಲೇ ಉಳಿಯುತ್ತದೆ, ಕೈಗೆ ಬಂದದ್ದು ಬರೀ ದಪ್ಪ ಬೇರು. ಅದು ತಿಂಗಳುಗಟ್ಟಲೆ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿದ್ದರೂ ಚಿಗುರುವುದಿಲ್ಲ. ಆದ್ದರಿಂದ ಗೊಂಚಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೆರಳಿನಲ್ಲಿಡಿ. ಕೆಲವು ದಿನಗಳಲ್ಲಿ ಕುತ್ತಿಗೆಯ ಸುತ್ತ ರಾಗಿ ಕಾಳಿನಷ್ಟು ಕೆಂಪು ಅಥವಾ ಹಸಿರು ಉಬ್ಬು ಕಾಣುತ್ತದೆ. ಹರಿತವಾದ ಚಾಕುವಿನಿಂದ ಪ್ರತಿ ಗೆಡ್ಡೆಗೂ ಒಂದು ಕಣ್ಣು, ಜೊತೆಗೆ ಕಾಂಡದ ಒಂದು ಚೂರು ಬರುವಂತೆ ಸೀಳಿ. ಕೊಯ್ದ ಜಾಗಕ್ಕೆ ಒಲೆಯ ಬೂದಿ ಸವರಿ ಒಂದು ದಿನ ಆರಲು ಬಿಡಿ.

ಭರಣಿ ಮಳೆಯ ಮೊದಲ ಗುಡುಗಿಗೇ ನೆಡಲು ಓಡುವವರಿದ್ದಾರೆ. ನಾನು ಓಡುವುದಿಲ್ಲ. ಕಾದ ನೆಲಕ್ಕೆ ಒಂದು ಮಳೆ ಬಿದ್ದು ಮತ್ತೆ ಬಿಸಿಲೇರಿದರೆ ಒಳಗಿನ ಧಗೆಗೆ ಎಳೆಯ ಮೊಳಕೆ ಬಾಡುತ್ತದೆ. ಮೇ 11ರ ಆಸುಪಾಸಿನಲ್ಲಿ ಕೃತ್ತಿಕೆ ಹಿಡಿದ ಮೇಲೆ, ಒಂದೆರಡು ಮಳೆಗೆ ಮಣ್ಣು ತಣಿದಾಗ ನೆಡಿ. ತೀರಾ ತಡವೂ ಬೇಡ. ಜೂನ್ ಎರಡನೇ ವಾರ ಮೃಗಶಿರಾ ಮಳೆ ಹಿಡಿಯುವಷ್ಟರಲ್ಲಿ ಗಿಡ ಗೇಣುದ್ದ ಬಂದಿರಬೇಕು. ಇಲ್ಲದಿದ್ದರೆ ಮಲೆನಾಡಿನ ಜಡಿಮಳೆಗೆ ಕೊಳೆಯುತ್ತದೆ. ಡೇರೆಯ ತವರು ಮೆಕ್ಸಿಕೋ, ಅಲ್ಲಿನ ರಾಷ್ಟ್ರೀಯ ಹೂವೂ ಅದೇ. ಬೆಟ್ಟದ ಇಳಿಜಾರಿನಲ್ಲಿ ನೀರು ಬಸಿದು ಹೋಗುವ ಕಡೆ ಬೆಳೆದ ಗಿಡ, ಹಂಚಿನ ನೀರು ಬೀಳುವ ಅಂಗಳದಂಚು ಅದಕ್ಕೆ ಹಿಡಿಸುವುದಿಲ್ಲ.

ನೆಡುವ ಓಳಿಯನ್ನು (ಸಾಲನ್ನು) ಒಂದಡಿಯಷ್ಟು ಏರಿಸಿ, ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ಒಂದಿಷ್ಟು ಮರಳು ಬೆರೆಸಿ. ಹಸಿ ಸಗಣಿ ಹಾಕಬೇಡಿ. ಯೂರಿಯಾ ಸುರಿದರೆ ಆಳೆತ್ತರದ ಸೊಪ್ಪು ಸಿಗುತ್ತದೆ, ಹೂವಲ್ಲ. ಎರಡಡಿ ಅಂತರದಲ್ಲಿ, ನಾಲ್ಕೈದು ಇಂಚು ಆಳದಲ್ಲಿ ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲಕ್ಕಿರಲಿ. ಗೂಟವನ್ನು ಅದೇ ದಿನ ಹುಗಿಯಿರಿ. ಆಮೇಲೆ ಹುಗಿಯಲು ಹೋದರೆ ಗೆಡ್ಡೆಗೇ ತಿವಿಯುವುದು. ಗೂಟಕ್ಕೆ ದುಡ್ಡು ಕೊಡುವುದೇಕೆ? ಮಳೆಗಾಲಕ್ಕೆ ಮುಂಚೆ ಅಂಗಳದ ಚಪ್ಪರ ಕಳಚುತ್ತಾರಲ್ಲ, ಆ ಅಡಿಕೆ ಮರದ ಸೀಳು ದಬ್ಬೆಗಳನ್ನು ಬಚ್ಚಲೊಲೆಗೆ ಹೋಗುವ ಮೊದಲು ಎತ್ತಿಟ್ಟುಕೊಳ್ಳಿ. ಕಟ್ಟಲು ಬಾಳೆನಾರು ಸಾಕು.

ಮೊಳಕೆ ಮೇಲೆ ಬರುವವರೆಗೆ ನೀರು ಹಾಕುವ ಮಾತೇ ಇಲ್ಲ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ, ಕವಲೊಡೆಯುತ್ತದೆ. ಎಳೆ ಗಿಡದ ನಿಜವಾದ ವೈರಿ ಬಸವನಹುಳು. ಬೂದಿ ಚೆಲ್ಲಿದರೆ ಮೊದಲ ಮಳೆಗೆ ಅದರ ಪ್ರಭಾವ ಮುಗಿಯಿತು, ಉಪ್ಪು ಚೆಲ್ಲಿದರೆ ಮಣ್ಣೇ ಕೆಡುತ್ತದೆ. ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಆರಿಸುವುದೊಂದೇ ದಾರಿ. ದೊಡ್ಡ ಹೂವು ಬೇಕೆನ್ನುವವರು ಮುಂದೆ ಮೊಗ್ಗು ಬಂದಾಗ ನಡುವಿನದನ್ನು ಉಳಿಸಿ ಅಕ್ಕಪಕ್ಕದ ಎರಡನ್ನು ಚಿವುಟಬೇಕು. ನಮ್ಮತ್ತೆಗೆ ಇದು ಕೊಲೆಯಷ್ಟೇ ಪಾಪ, ಹಾಗಾಗಿ ಅವರು ಮಲಗಿದಾಗ ಚಿವುಟುತ್ತೇನೆ.

ಉಳಿದ ಗಿಡಗಳಿಗೆ ಈಗ ಇಷ್ಟು ತಾಪತ್ರಯವಿಲ್ಲ. ಎಲೆಗಿಂತ ಮೊದಲೇ ಕೆಂಪು ಚೆಂಡು ಎತ್ತಿ ನಿಲ್ಲುವ ಮೇ ಫ್ಲವರನ್ನು ಹೂವಿರುವಾಗ ಕೀಳಬೇಡಿ, ಚಳಿಗಾಲದಲ್ಲಿ ಎಲೆ ಒಣಗಿದ ಮೇಲೆ ಗೆಡ್ಡೆ ಬೇರ್ಪಡಿಸಬಹುದು. ಸೇವಂತಿಗೆಯ ಬುಡದ ಮರಿಗಳನ್ನು ಈಗಲೇ ಕಿತ್ತು ನೆಟ್ಟರೆ ಹಗಲು ಕಿರಿದಾಗುವ ಕಾಲಕ್ಕೆ ಹೂವಾಗುತ್ತದೆ. ಮಲ್ಲಿಗೆ ಭರ್ತಿ ಹೂವಿನಲ್ಲಿದೆ, ಕತ್ತರಿ ದೂರವಿಡಿ. ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಮರದ ಮೇಲೆ ಜೋತು ಅರಳುವುದೂ ಇದೇ ದಿನಗಳಲ್ಲಿ. ಅದನ್ನು ಕಾಡಿನಿಂದ ಕಿತ್ತು ತಂದು ಕುಂಡದ ಮಣ್ಣಿನಲ್ಲಿ ಹೂಳುವವರಿಗೆ ಒಂದು ಮಾತು: ಅದರ ಬೇರಿಗೆ ಬೇಕಾದದ್ದು ಗಾಳಿ, ಮಣ್ಣಲ್ಲ. ಗಾಳಿಗೆ ಬಿದ್ದ ಕೊಂಬೆಯಲ್ಲಿ ಸಿಕ್ಕಿದರೆ ಮಾತ್ರ ತಂದು ಅಂಗಳದ ಮಾವಿನ ಮರಕ್ಕೆ ಕಟ್ಟಿ.

ಡೇರೆಯ ಬಣ್ಣದ ಹೆಸರನ್ನು ದಬ್ಬೆಯ ಮೇಲೆ ಪೇಂಟಿನಲ್ಲೇ ಬರೆಯಿರಿ. ಪೆನ್ನಿನ ಅಕ್ಷರ ಜುಲೈ ತನಕ ಉಳಿಯುವುದಿಲ್ಲ, ಬರುವ ವರ್ಷ ಅತ್ತಿಗೆಗೆ ಯಾವ ಗೆಡ್ಡೆ ಕೊಡುತ್ತಿದ್ದೀರೆಂದು ನಿಮಗೇ ತಿಳಿಯುವುದಿಲ್ಲ.