ಗಾಲ್ಫ್ ಜಿಪಿಎಸ್: ದೂರ ನೋಡುವುದು ಹೇಗೆ, ಸ್ಕೋರ್ ಉಳಿಸುವುದು ಹೇಗೆ?

ಸೊಂಟಕ್ಕೋ ಬ್ಯಾಗಿಗೋ ಸಿಕ್ಕಿಸಿಕೊಳ್ಳುವ ಪುಟ್ಟ ಜಿಪಿಎಸ್ ಯಂತ್ರ ಕೊಂಡವರಲ್ಲಿ ಹೆಚ್ಚಿನವರು ಅದರಲ್ಲಿ ನೋಡುವುದು ಒಂದೇ ಅಂಕಿ: ಗ್ರೀನ್‌ನ (ಕುಳಿಯೂ ಬಾವುಟವೂ ಇರುವ ನುಣುಪು ಹುಲ್ಲಿನ ಜಾಗ) ಮಧ್ಯಕ್ಕೆ ಎಷ್ಟು ದೂರ? ಉಳಿದ ಅಂಕಿಗಳನ್ನೂ ನೋಡಿ, ಪ್ರತಿ ಆಟದ ಸ್ಕೋರನ್ನೂ ಜೋಪಾನ ಮಾಡಿದರೆ ನಾಲ್ಕೈದು ತಿಂಗಳಲ್ಲಿ ನಿಮ್ಮ ಆಟ ಎಲ್ಲಿ ಸೋರುತ್ತಿದೆ ಎಂಬುದು ತಾನೇ ಕಾಣುತ್ತದೆ. ಇಲ್ಲಿ ಗಾರ್ಮಿನ್ ಅಪ್ರೋಚ್ ಸರಣಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಕಂಪನಿಯದ್ದಾದರೆ ಗುಂಡಿಗಳ ಹೆಸರು ಬದಲಾಗಬಹುದು, ಕ್ರಮ ಹೆಚ್ಚುಕಡಿಮೆ ಇದೇ.

ಹಿಂದಿನ ರಾತ್ರಿಯ ಕೆಲಸ

ಮೊದಲು ಚಾರ್ಜ್. 18 ಹೋಲ್ ಮುಗಿಸಲು ನಾಲ್ಕೈದು ಗಂಟೆ ಬೇಕು. ಹೊಸ ಯಂತ್ರಕ್ಕೆ ಅದು ಲೆಕ್ಕವೇ ಅಲ್ಲ, ಹಳೆಯದಾದರೆ ತುಂಬಿಸಿಕೊಂಡೇ ಹೋಗಿ.

ಆಮೇಲೆ ಕೋರ್ಸ್‌ನ ನಕ್ಷೆ. ಯಂತ್ರದಲ್ಲಿ ಜಗತ್ತಿನ 40 ಸಾವಿರಕ್ಕೂ ಜಾಸ್ತಿ ಕೋರ್ಸ್‌ಗಳು ಮೊದಲೇ ತುಂಬಿರುತ್ತವೆ. ಆದರೆ ಕ್ಲಬ್‌ಗಳು ಗ್ರೀನ್ ಬದಲಿಸುತ್ತವೆ, ಮೊದಲ ಹೊಡೆತ ಹೊಡೆಯುವ ಜಾಗವಾದ ಟೀಯನ್ನು ಹಿಂದಕ್ಕೆ ಸರಿಸುತ್ತವೆ. ನಕ್ಷೆ ಹಳೆಯದಾದರೆ ಅಂಕಿಯೂ ತಪ್ಪು. ಫೋನಿನ ಗಾರ್ಮಿನ್ ಗಾಲ್ಫ್ ಆ್ಯಪ್‌ಗೆ ಬ್ಲೂಟೂತ್‌ನಲ್ಲಿ ಜೋಡಿಸಿ, ಇಲ್ಲವೇ ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿನ ಗಾರ್ಮಿನ್ ಎಕ್ಸ್‌ಪ್ರೆಸ್‌ ಮೂಲಕ ಹೊಸ ನಕ್ಷೆ ಇಳಿಸಿಕೊಳ್ಳಿ.

ಗಜವೋ ಮೀಟರೋ ಎಂಬುದನ್ನೂ ಈಗಲೇ ನೋಡಿಬಿಡಿ. ನೀವು ಆಡುವ ಕ್ಲಬ್‌ನ ಕಾರ್ಡ್ ಮತ್ತು ಕಂಬಗಳಲ್ಲಿ ಯಾವುದಿದೆಯೋ ಅದನ್ನೇ ಇಡಿ. 150 ಮೀಟರ್ ಅಂದರೆ 164 ಗಜ. ಅಷ್ಟು ವ್ಯತ್ಯಾಸಕ್ಕೆ ಹೊಡೆಯುವ ಕ್ಲಬ್ಬೇ (ಕೋಲೇ) ಬದಲಾಗುತ್ತದೆ.

ಮೊದಲ ಟೀಯಲ್ಲಿ

ಕ್ಲಬ್‌ಹೌಸ್ ಚಾವಣಿಯ ಕೆಳಗೆ ಆನ್ ಮಾಡಬೇಡಿ, ಬಯಲಿಗೆ ಬನ್ನಿ. ಜಾಗ ಗೊತ್ತಾಗಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಒಂದೆರಡು ನಿಮಿಷ ಬಿಟ್ಟರೆ ಹತ್ತಿರದ ಕೋರ್ಸ್‌ಗಳ ಪಟ್ಟಿ ಬರುತ್ತದೆ. ಕೋರ್ಸ್ ಆರಿಸಿ, ನೀವು ಆಡುವ ಟೀ ಬಣ್ಣ ಆರಿಸಿ, ರೌಂಡ್ ಶುರು ಮಾಡಿ.

ಮುಂದಿನ ಟೀಗೆ ನಡೆದರೆ ಹೋಲ್ ಸಂಖ್ಯೆ ತಾನಾಗಿ ಬದಲಾಗುತ್ತದೆ. 10ನೇ ಹೋಲ್‌ನಿಂದ ಆಟ ಶುರುವಾದರೆ ಅಥವಾ ಎರಡು ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾದಿ) ಒತ್ತೊತ್ತಾಗಿ ಇದ್ದರೆ ಮಾತ್ರ ಯಂತ್ರ ಗೊಂದಲಕ್ಕೆ ಬೀಳಬಹುದು. ಹೊಡೆಯುವ ಮುಂಚೆ ಆ ಸಂಖ್ಯೆಯತ್ತ ಒಮ್ಮೆ ಕಣ್ಣು ಹಾಯಿಸಿ.

ಮೂರು ಅಂಕಿಗಳನ್ನು ಓದುವ ಬಗೆ

ಪರದೆಯಲ್ಲಿ 138, 152, 167 ಎಂದಿದೆ ಅಂದುಕೊಳ್ಳಿ. ಗ್ರೀನ್‌ನ ಮುಂಬದಿ, ಮಧ್ಯ, ಹಿಂಬದಿ. ಅಂದರೆ ಗ್ರೀನ್ 29 ಗಜ ಆಳವಿದೆ. ಬಾವುಟ ಹಿಂದುಗಡೆ ಇದ್ದರೆ 152 ನೋಡಿ ಹೊಡೆದ ಚೆಂಡು ಹದಿನೈದು ಗಜ ಈಚೆಗೇ ಉಳಿದು, ಮೂರು ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಬೇಕಾಗಬಹುದು. ಗ್ರೀನ್ ಮುಂದೆ ಬಂಕರ್ (ಮರಳುಗುಂಡಿ) ಇದ್ದರೆ ಮೊದಲು ನೋಡಬೇಕಾದ್ದು 138. ಚೆಂಡು ಅದನ್ನು ದಾಟಲೇಬೇಕು, ಅಲ್ವಾ? ಗ್ರೀನ್ ಚಿತ್ರ ತೋರಿಸುವ ಮಾದರಿಯಾದರೆ ಬಾವುಟದ ಗುರುತನ್ನು ಸರಿಸಿ ಆ ಜಾಗದ ದೂರವನ್ನೇ ಪಡೆಯಬಹುದು.

ಈ ಮೂರು ಅಂಕಿಗಳು ಸಾಮಾನ್ಯವಾಗಿ ನೇರ ದೂರ. ಏರು ತಗ್ಗಿನ ಲೆಕ್ಕ ಹೆಚ್ಚಿನ ಮಾದರಿಗಳಲ್ಲಿ ಅವುಗಳಲ್ಲಿ ಸೇರಿರುವುದಿಲ್ಲ. ಮಡಿಕೇರಿಯಂಥ ಗುಡ್ಡದ ಕಡೆ ಏರಿನ ಗ್ರೀನ್‌ಗೆ ಹೊಡೆಯುವಾಗ ಒಂದು ಕ್ಲಬ್ ಜಾಸ್ತಿ ತೆಗೆದುಕೊಳ್ಳುವುದು ನಿಮ್ಮದೇ ನಿರ್ಧಾರ. ಎತ್ತರದ ಊರಿನ ಗಾಳಿಯೂ ತೆಳು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಚೆಂಡು ಮಂಗಳೂರಿಗಿಂತ ತುಸು ದೂರ ಹೋಗುತ್ತದೆ. ಹಾಗಾಗಿ ಯಾವ ಕ್ಲಬ್‌ನಲ್ಲಿ ಎಷ್ಟು ದೂರ ಹೊಡೆಯುತ್ತೀರಿ ಎಂಬುದನ್ನು ನಿಮ್ಮ ಕೋರ್ಸ್‌ನಲ್ಲೇ ಅಳೆದುಕೊಳ್ಳಿ. ಹೊಡೆದ ಜಾಗದಲ್ಲಿ ಶಾಟ್ ಅಳತೆಯ ಆಯ್ಕೆ ಒತ್ತಿ, ಚೆಂಡಿನವರೆಗೆ ನಡೆದರೆ ದೂರ ಸಿಗುತ್ತದೆ. ಕೆಟ್ಟ ಹೊಡೆತವನ್ನೂ ಬರೆದುಕೊಳ್ಳಿ. ಅಪರೂಪಕ್ಕೆ ಬಿದ್ದ ಅತಿ ಉದ್ದದ ಹೊಡೆತ ನೋಡಿ ಕ್ಲಬ್ ಆರಿಸಿದರೆ ಚೆಂಡು ಸದಾ ಗ್ರೀನ್ ತಲುಪದೇ ಉಳಿಯುತ್ತದೆ.

ಸ್ಪರ್ಧೆಯಲ್ಲಿ ಬಳಸಬಹುದೇ? 2019ರಿಂದ ಗಾಲ್ಫ್ ನಿಯಮ 4.3ರ ಪ್ರಕಾರ ದೂರ ಅಳೆಯುವ ಯಂತ್ರಕ್ಕೆ ಅನುಮತಿ ಇದೆ. ಏರಿಳಿತ ಅಳೆಯುವ ಹಾಗಿಲ್ಲ. ಸಂಘಟಕರು ಸ್ಥಳೀಯ ನಿಯಮ ಮಾಡಿ ಯಂತ್ರವನ್ನೇ ನಿಷೇಧಿಸಲೂಬಹುದು, ಮೊದಲೇ ಕೇಳಿಕೊಳ್ಳಿ.

ಸ್ಕೋರ್ ತುಂಬುವುದು

ಗ್ರೀನ್‌ನಿಂದ ಇಳಿದು ಮುಂದಿನ ಟೀಗೆ ನಡೆಯುವಾಗಲೇ ತುಂಬಿ. ಮೂರು ಹೋಲ್ ಆದಮೇಲೆ ನೆನಪಿಸಿಕೊಳ್ಳುತ್ತಾ ಕೂತರೆ ನೀರಿಗೆ ಬಿದ್ದ ಚೆಂಡಿನ ದಂಡದ ಸ್ಟ್ರೋಕ್ ಮರೆತೇ ಹೋಗುತ್ತದೆ. ಸ್ಟೇಬಲ್‌ಫೋರ್ಡ್ (ಪ್ರತಿ ಹೋಲ್‌ಗೆ ಪಾಯಿಂಟ್ ಕೊಡುವ ಪದ್ಧತಿ) ಆಡುವುದಾದರೆ ಮೊದಲೇ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಸ್ಟ್ರೋಕ್ ರಿಯಾಯಿತಿ) ಹಾಕಿಡಿ. ಯಂತ್ರದಲ್ಲಿರುವ ಪಾರ್ (ಹೋಲ್‌ಗೆ ನಿಗದಿಯಾದ ಸ್ಟ್ರೋಕ್) ಮತ್ತು ಸ್ಟ್ರೋಕ್ ಇಂಡೆಕ್ಸ್ (ಹೋಲ್‌ಗಳ ಕಷ್ಟದ ಕ್ರಮಾಂಕ) ಕ್ಲಬ್ ಕಾರ್ಡ್‌ಗೆ ಹೊಂದುತ್ತವೆಯೇ ಎಂದೂ ನೋಡಿ.

ಒಟ್ಟು ಸ್ಟ್ರೋಕ್ ಜೊತೆ ಪಟ್ ಎಷ್ಟು ಎಂಬುದನ್ನೂ ಬರೆಯಲೇಬೇಕು ಎನ್ನುತ್ತೇನೆ. ಸುಮ್ನೆ 92 ಎಂಬ ಅಂಕಿ ಏನನ್ನೂ ಹೇಳುವುದಿಲ್ಲ. 92ರಲ್ಲಿ 40 ಪಟ್ ಎಂದರೆ ಡ್ರೈವರ್ ಬದಲಿಸುವ ಖರ್ಚು ಬೇಡ, ಪಟಿಂಗ್ ಗ್ರೀನ್‌ನಲ್ಲಿ ಅರ್ಧ ಗಂಟೆ ನಿಲ್ಲಬೇಕು ಎಂದರ್ಥ. ನಿಮ್ಮ ಯಂತ್ರದಲ್ಲಿ ಪಟ್ ದಾಖಲಿಸುವ ಆಯ್ಕೆ ಇಲ್ಲದಿದ್ದರೆ ಕಾರ್ಡ್‌ನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ.

ಸ್ಪರ್ಧೆಯಲ್ಲಿ ನೀವು ಸಹಿ ಮಾಡಿ ಕೊಡುವ ಕಾರ್ಡ್ ಬೇರೆ, ಸೊಂಟದ ಯಂತ್ರ ಬೇರೆ. ಎರಡನ್ನೂ ಹೋಲಿಸಿಯೇ ಸಹಿ ಮಾಡಿ. 1968ರ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ ರಾಬರ್ಟೊ ಡಿ ವಿಸೆಂಜೊ 17ನೇ ಹೋಲ್ ಅನ್ನು ಮೂರರಲ್ಲಿ ಮುಗಿಸಿದ್ದರು. ಜೊತೆಗಾರ ಟಾಮಿ ಆ್ಯರನ್ ಕಾರ್ಡ್‌ನಲ್ಲಿ ನಾಲ್ಕು ಎಂದು ಬರೆದರು, ವಿಸೆಂಜೊ ಗಮನಿಸದೆ ಸಹಿ ಹಾಕಿದರು. 65 ಹೋಗಿ 66 ಆಯಿತು. ಸಹಿ ಮಾಡಿದ ಹೆಚ್ಚಿನ ಸ್ಕೋರೇ ನಿಲ್ಲಬೇಕೆಂಬ ನಿಯಮದಿಂದ ಪ್ಲೇಆಫ್ ತಪ್ಪಿತು. ಬಾಬ್ ಗೋಲ್ಬಿ ಗೆದ್ದರು.

ಮನೆಗೆ ಬಂದ ಮೇಲೆ

ರೌಂಡ್ ಮುಗಿಸುವಾಗ ‘ಸೇವ್’ ಒತ್ತಿದ್ದೀರಾ ನೋಡಿ, ಬರೇ ಆಫ್ ಮಾಡಬೇಡಿ. ಅವತ್ತೇ ಸಂಜೆ ಆ್ಯಪ್‌ಗೆ ಸಿಂಕ್ ಮಾಡಿ. ತಪ್ಪು ತುಂಬಿದ್ದರೆ ನೆನಪು ಹಸಿಯಾಗಿರುವಾಗಲೇ ತಿದ್ದಿ. ನಿಮ್ಮ ಸ್ಕೋರ್ ಯಾರಿಗೆಲ್ಲ ಕಾಣಬೇಕು ಎಂಬುದನ್ನು ಆ್ಯಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ನೀವೇ ತೀರ್ಮಾನಿಸಿ.

ಇದರ ಜೊತೆ ನಿಮ್ಮದೇ ಒಂದು ಎಕ್ಸೆಲ್ ಹಾಳೆ ಇರಲಿ: ದಿನಾಂಕ, ಕೋರ್ಸ್, ಟೀ, ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಂದ ನಿರೀಕ್ಷಿಸುವ ಸ್ಕೋರ್), ಸ್ಲೋಪ್ (ಸಾಮಾನ್ಯ ಆಟಗಾರನಿಗೆ ಕೋರ್ಸ್ ಎಷ್ಟು ಕಷ್ಟ ಎಂಬ ಅಂಕಿ), ಸ್ಕೋರ್, ಪಟ್. ಹ್ಯಾಂಡಿಕ್ಯಾಪ್ ಹೇಗೆ ಬಂತು ಎಂಬುದು ಆಗ ಅರ್ಥವಾಗುತ್ತದೆ. ಸ್ಕೋರ್ 92, ರೇಟಿಂಗ್ 71.2, ಸ್ಲೋಪ್ 128 ಎಂದಿಟ್ಟುಕೊಳ್ಳಿ. 92ರಲ್ಲಿ 71.2 ಕಳೆದರೆ 20.8. ಅದನ್ನು ಸ್ಲೋಪ್‌ನ ಮಾನಕ ಅಂಕಿಯಾದ 113ರಿಂದ ಗುಣಿಸಿ 128ರಿಂದ ಭಾಗಿಸಿದರೆ 18.4. ಇಂಥ ಕೊನೆಯ 20 ಲೆಕ್ಕಗಳಲ್ಲಿ ಒಳ್ಳೆಯ ಎಂಟರ ಸರಾಸರಿಯೇ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಮೂಲ. ಒಂದೇ ಹೋಲ್‌ನಲ್ಲಿ ಎಡವಟ್ಟಾಗಿ ಹನ್ನೊಂದು ಸ್ಟ್ರೋಕ್ ಆಗಿದ್ದರೆ ಈ ಲೆಕ್ಕಕ್ಕೆ ಅದು ನೆಟ್ ಡಬಲ್ ಬೋಗಿಗೆ (ಪಾರ್‌ಗಿಂತ ಎರಡು ಹೆಚ್ಚು, ಜೊತೆಗೆ ಆ ಹೋಲ್‌ನಲ್ಲಿ ನಿಮಗೆ ಸಿಗುವ ಹ್ಯಾಂಡಿಕ್ಯಾಪ್ ಸ್ಟ್ರೋಕ್) ಇಳಿಯುತ್ತದೆ.

ಯಂತ್ರವನ್ನು ಮಾರುವ ಅಥವಾ ಬೇರೆಯವರಿಗೆ ಕೊಡುವ ದಿನ ಬಂದರೆ, ಮೊದಲು ಎಲ್ಲಾ ಕಾರ್ಡ್‌ಗಳೂ ಆ್ಯಪ್‌ನಲ್ಲಿ ತೆರೆಯುತ್ತವೆಯೇ ಎಂದು ನೋಡಿ. ಆಮೇಲೆ ಯಂತ್ರದಲ್ಲಿರುವುದನ್ನು ಅಳಿಸಿ, ನಿಮ್ಮ ಖಾತೆಯಿಂದ ಅದನ್ನು ತೆಗೆದುಹಾಕಿ.