ಜುಬೈಲಿಗೆ ಕಮಿಷನಿಂಗ್ ಕೆಲಸಕ್ಕೆ ಬರುತ್ತಿರುವವರಿಗೆ

ಸಿಂಧನೂರಿನ ಹುಡುಗನೊಬ್ಬ ಕಳೆದ ತಿಂಗಳು ಫೋನ್ ಮಾಡಿದ್ದ. ಕೈಯಲ್ಲಿ ಆಫರ್ ಪತ್ರವಿದೆ, ಎಲೆಕ್ಟ್ರಿಕಲ್ ಮತ್ತು ಇನ್‌ಸ್ಟ್ರುಮೆಂಟೇಷನ್ ಕಮಿಷನಿಂಗ್ ಟೆಕ್ನಿಷಿಯನ್ ಹುದ್ದೆ, ಊರು ಸೌದಿಯ ಜುಬೈಲ್. ‘ಅಣ್ಣಾ, ಇಲ್ಲಿ ಮಾಡುತ್ತಿರುವ ಮೇಂಟೆನೆನ್ಸ್ ಕೆಲಸವೇ ತಾನೆ ಅಲ್ಲಿಯೂ?’ ಎಂದು ಕೇಳಿದ. ಅರ್ಧ ಗಂಟೆ ಮಾತಾಡಿದರೂ ಹೇಳಬೇಕಾದದ್ದು ಅರ್ಧದಷ್ಟು ಉಳಿದೇ ಹೋಯಿತು. ಅವನಿಗಾಗಿ, ಅವನ ಹಿಂದೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅದೇ ಕೆಲಸವಲ್ಲ. ಮೇಂಟೆನೆನ್ಸ್‌ನವನು ನಿನ್ನೆಯವರೆಗೆ ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಇಂದೇಕೆ ನಿಂತಿತು ಎಂದು ಹುಡುಕುತ್ತಾನೆ. ಕಮಿಷನಿಂಗಿನವನ ಮುಂದಿರುವುದು ಒಮ್ಮೆಯೂ ನಡೆಯದ ಯಂತ್ರ. ಅದನ್ನು ಪರೀಕ್ಷಿಸಿ ಮೊದಲ ಬಾರಿಗೆ ಚಾಲನೆ ಕೊಡುವವನು ಅವನು. ಕೇಬಲ್ ಎಳೆದವರು ಒಬ್ಬರು, ಪ್ಯಾನೆಲ್ ಕಟ್ಟಿದವರು ಇನ್ನೊಬ್ಬರು, ಡ್ರಾಯಿಂಗ್ ಬರೆದವರು ಮತ್ತೊಂದು ದೇಶದವರು. ಮೂವರೂ ಎಲ್ಲೋ ಒಂದೊಂದು ತಪ್ಪು ಮಾಡಿದ್ದಾರೆ ಎಂದೇ ತಿಳಿದು ಹೊರಡಬೇಕು. ನಮ್ಮ ಅವ್ವನಿಗೆ ನಾನು ಹೀಗೆ ವಿವರಿಸಿದ್ದೆ: ಶಿಲ್ಪಿ ಮೂರ್ತಿ ಕಡೆದು ಹೋಗಿದ್ದಾನೆ, ಪ್ರಾಣಪ್ರತಿಷ್ಠೆ ಮಾಡುವುದು ನಮ್ಮ ಪಾಲಿನ ಕೆಲಸ.

ಕಾಗದಪತ್ರಗಳ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಅಂಕಪಟ್ಟಿಗಳ ದೃಢೀಕರಣ, ವೈದ್ಯಕೀಯ ತಪಾಸಣೆ, ಸೌದಿ ಎಂಜಿನಿಯರುಗಳ ಮಂಡಳಿಯ ನೋಂದಣಿ, ವಾಸದ ಪರವಾನಗಿಯಾದ ಇಕಾಮ: ಕಂಪನಿಯವರು ಹೇಳಿದ ಕ್ರಮದಲ್ಲಿ ಮಾಡಿಸಿ, ಎಲ್ಲದರ ಪ್ರತಿ ಇಟ್ಟುಕೊಳ್ಳಿ. ಒಂದನ್ನು ಮಾತ್ರ ಕಣ್ಣಿಟ್ಟು ನೋಡಿ. ವೀಸಾದಲ್ಲಿ ಯಾವ ಹುದ್ದೆ ಬರೆದಿದ್ದಾರೆ? 2008ರಲ್ಲಿ ನಾನು ಬಂದಾಗ ಸಂಬಳದ ಅಂಕಿ ನೋಡಿದೆ, ಹುದ್ದೆಯ ಹೆಸರು ನೋಡಲಿಲ್ಲ. ಇಕಾಮದಲ್ಲಿ ನಮೂದಾದ ಆ ಹುದ್ದೆಯ ಮೇಲೆ ಕುಟುಂಬದ ವೀಸಾ ಸಿಗುತ್ತಿರಲಿಲ್ಲ. ಅದನ್ನು ಬದಲಿಸಿಕೊಳ್ಳಲು ಐದು ವರ್ಷ ಹಿಡಿಯಿತು. ಒಂದು ಸಾಲನ್ನು ಓದದೆ ಬಿಟ್ಟದ್ದಕ್ಕೆ ನನ್ನ ಮಗಳ ಬಾಲ್ಯದ ಐದು ವರ್ಷ ಹೋದವು. ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನು ಕೆಲಸ. ನಾನು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರ ಕೈಕೆಳಗೆ ಆರು ವರ್ಷ ದುಡಿದು ಬಂದವನು. 210 ಮೆಗಾವಾಟ್ ಘಟಕಗಳ ಪಕ್ಕದಲ್ಲಿ ಬೆಳೆದ ಕೈ, ಇಲ್ಲಿ ಕಲಿಯುವುದು ಏನಿದೆ ಎಂಬ ಧೈರ್ಯ ನನಗಿತ್ತು. ಮೊದಲ ತಿಂಗಳಲ್ಲೇ ಅದು ಇಳಿಯಿತು. ಒಂದು ಕೇಬಲ್ಲಿನ ಇನ್ಸುಲೇಷನ್ ನೋಡಲು 500 ವೋಲ್ಟ್ ಹಾಕಿ ಅದನ್ನು ಅಳೆಯುವ ಮೆಗ್ಗರ್ ಹಚ್ಚಿದೆ. ಕಂಟ್ರೋಲ್ ರೂಮಿನ ಕಡೆ, ಹೊರಗಿನ ಕೇಬಲ್ಲುಗಳೆಲ್ಲ ಬಂದು ಸೇರುವ ಮಾರ್ಷಲಿಂಗ್ ಕ್ಯಾಬಿನೆಟ್‌ನಲ್ಲಿ ಟರ್ಮಿನಲ್ಲುಗಳ ಕತ್ತಿಯಂಥ ಸ್ವಿಚ್ಚು ಎತ್ತಿ ಕೇಬಲ್ಲನ್ನು ಬಿಡಿಸಿರಬೇಕಿತ್ತು. ಬಿಡಿಸಿದ್ದಾರೆ ಎಂದು ಅಂದುಕೊಂಡೆ, ಹೋಗಿ ನೋಡಲಿಲ್ಲ. 24 ವೋಲ್ಟಿಗೆಂದು ಮಾಡಿದ, ಕಂಟ್ರೋಲ್ ವ್ಯವಸ್ಥೆಯ ಇನ್‌ಪುಟ್ ಕಾರ್ಡಿಗೆ 500 ವೋಲ್ಟ್ ನುಗ್ಗಿತು. ಎಂಟು ಚಾನೆಲ್ಲುಗಳು ಒಮ್ಮೆಗೇ ಸತ್ತವು. ಮೆಗ್ಗರ್ ಹಚ್ಚುವ ಮುನ್ನ ಕೇಬಲ್ಲಿನ ಎರಡೂ ತುದಿಗೆ ನೀವೇ ನಡೆದು ಹೋಗಿ. 300 ಮೀಟರ್ ದೂರವಿದ್ದರೂ ಹೋಗಿ. ಪರೀಕ್ಷೆ ಮುಗಿದ ಮೇಲೆ ಕೇಬಲ್ಲನ್ನು ಅರ್ಥ್‌ಗೆ ಮುಟ್ಟಿಸಿ ಖಾಲಿ ಮಾಡುವುದನ್ನು ಮರೆಯಬೇಡಿ, ಅದು ಹಿಡಿದಿಟ್ಟುಕೊಂಡ ವಿದ್ಯುತ್ತು ಮುಂದೆ ಮುಟ್ಟುವವನನ್ನು ಹೊಡೆಯುತ್ತದೆ.

ನಮ್ಮಿಂದ ಬರುವವರ ಕೈಯಲ್ಲಿ ಊರಿನ ರೂಢಿಗಳು ಬಂದೇ ಬರುತ್ತವೆ. ಎಂಟು ಬೋಲ್ಟಿನ ಮುಚ್ಚಳಕ್ಕೆ ನಾಲ್ಕು ಬಿಗಿದು ಸಾಕೆನ್ನುವುದು ಅದರಲ್ಲಿ ಒಂದು. ಅನಿಲವಿರುವ ಜಾಗದಲ್ಲಿ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಒಂದು ಬೋಲ್ಟ್ ಇಲ್ಲದಿದ್ದರೂ ಅದು ಫ್ಲೇಮ್‌ಪ್ರೂಫ್ ಅಲ್ಲ. ಒಳಗೆ ಕಿಡಿ ಹಾರಿ ಸ್ಫೋಟವಾದರೂ ಜ್ವಾಲೆ ಹೊರಬರುವಷ್ಟರಲ್ಲಿ ತಣ್ಣಗಾಗಬೇಕು, ಆ ಲೆಕ್ಕವೆಲ್ಲ ಮುಚ್ಚಳದ ಕಿರಿದಾದ ಸಂದಿನಲ್ಲಿದೆ. ಇನ್ನೊಂದು ರೂಢಿ ‘ಎಲ್‌ಸಿ’ಯದು, ಅಂದರೆ ಲೈನ್ ಕ್ಲಿಯರ್, ಲೈನಿನ ವಿದ್ಯುತ್ ತೆಗೆದಿದೆ ಎಂಬ ಒಪ್ಪಿಗೆ. ಊರಿನಲ್ಲಿ ಫೋನಿನಲ್ಲಿ ‘ಎಲ್‌ಸಿ ಕೊಟ್ಟಿದ್ದೇನೆ, ಹತ್ತು’ ಎಂದರೆ ಲೈನ್‌ಮನ್ ಕಂಬ ಹತ್ತುತ್ತಾನೆ. ಹಾಗೆ ಹತ್ತಿ ಇಳಿಯದೆ ಹೋದವರು ನಮ್ಮ ತಾಲ್ಲೂಕಿನಲ್ಲಿಯೇ ಇದ್ದಾರೆ. ಇಲ್ಲಿ ಬ್ರೇಕರಿಗೆ ನಿಮ್ಮದೇ ಬೀಗ ಬೀಳಬೇಕು, ಬೀಗದ ಕೈ ನಿಮ್ಮ ಜೇಬಿನಲ್ಲಿರಬೇಕು. ಟೆಸ್ಟರನ್ನು ಮೊದಲು ವಿದ್ಯುತ್ ಇರುವ ಕಡೆ ಮುಟ್ಟಿಸಿ, ಆಮೇಲೆ ನೀವು ಕೆಲಸ ಮಾಡುವ ಕಡೆ, ಮತ್ತೆ ವಿದ್ಯುತ್ ಇರುವ ಕಡೆ. ಟೆಸ್ಟರೇ ನಡುವೆ ಕೆಟ್ಟಿದ್ದರೆ ಮೂರನೆಯ ಸಲ ಗೊತ್ತಾಗುತ್ತದೆ.

ಸೌದಿಯಲ್ಲಿ ವಿದ್ಯುತ್ತು 60 ಹರ್ಟ್ಜ್, ನಮ್ಮದು 50. ಓದಿ ತಿಳಿದಿದ್ದರೂ ಕೈ ಮರೆಯುತ್ತದೆ. ಊರಿನಲ್ಲಿ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ 1475 ಸುತ್ತಿನ ಆಸುಪಾಸಿನಲ್ಲಿ ತಿರುಗುವುದನ್ನು ನೋಡಿ ನೋಡಿ, ಇಲ್ಲಿ 1775 ಕಂಡ ದಿನ ಗಾಬರಿಯಿಂದ ಒಳ್ಳೆಯ ಮೋಟಾರನ್ನು ನಿಲ್ಲಿಸಿಬಿಟ್ಟೆ. ಹೊರೆ ಜೋಡಿಸದೆ ಮೋಟಾರೊಂದನ್ನೇ ಓಡಿಸುವ ನಾಲ್ಕು ಗಂಟೆಯ ಸೋಲೋ ರನ್ ಮತ್ತೆ ಮೊದಲಿನಿಂದ ನಡೆಯಿತು. ನೇಮ್‌ಪ್ಲೇಟ್ ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಮೋಟಾರಿನ ಬಳಿ ಹೋಗಿ.

ಈಗ ನನ್ನ ದೊಡ್ಡ ತಪ್ಪು. ಇದಕ್ಕಾಗಿಯೇ ಇಷ್ಟೆಲ್ಲ ಬರೆಯಲು ಕುಳಿತದ್ದು.

ಅಕ್ಕಪಕ್ಕದ ಎರಡು ಟ್ಯಾಂಕುಗಳು, ಎರಡಕ್ಕೂ ಮೇಲ್ಛಾವಣಿಯಲ್ಲಿ ರೇಡಾರ್ ಮಟ್ಟಮಾಪಕ. ಎರಡರ ಕೇಬಲ್ಲುಗಳೂ ಕೆಳಗಿನ ಒಂದೇ ಜಂಕ್ಷನ್ ಬಾಕ್ಸಿಗೆ ಬಂದು ಅಲ್ಲಿಂದ ಕಂಟ್ರೋಲ್ ರೂಮಿಗೆ ಹೋಗುತ್ತಿದ್ದವು. ಲೂಪ್ ಚೆಕ್ ನನ್ನ ಜವಾಬ್ದಾರಿ. ಲೂಪ್ ಚೆಕ್ ಎಂದರೆ ಮಾಪಕದಿಂದ 4, 8, 12, 16, 20 ಮಿಲಿಆಂಪ್ ಕಳಿಸುವುದು, ಆಪರೇಟರಿನ ಪರದೆಯ ಮೇಲೆ 0, 25, 50, 75, 100 ಶೇಕಡಾ ಬರುತ್ತದೆಯೇ ಎಂದು ರೇಡಿಯೊದಲ್ಲಿ ಕೇಳುವುದು. ಸೊನ್ನೆಗೆ ನಾಲ್ಕೇಕೆ ಎಂದು ಕೇಳಿದರೆ, ತಂತಿ ಹರಿದರೆ ಕರೆಂಟು ಸೊನ್ನೆಗೆ ಬೀಳುತ್ತದೆ, ಆಗ ಖಾಲಿ ಟ್ಯಾಂಕಿಗೂ ಹರಿದ ತಂತಿಗೂ ವ್ಯತ್ಯಾಸ ತಿಳಿಯುತ್ತದೆ. ಶಾಲೆಯಲ್ಲಿ ಕಲಿತ ನಾಲ್ಕರ ಮಗ್ಗಿಯೇ ಇದು: ನಾಲ್ಕೊಂದ್ಲ ನಾಲ್ಕು, ನಾಲ್ಕೆರಡ್ಲ ಎಂಟು. ರೇಡಿಯೊದಲ್ಲಿ ಇಂಗ್ಲಿಷ್ ಹೇಳುತ್ತಿದ್ದರೂ ನನ್ನ ಬಾಯೊಳಗೆ ನಡೆಯುವುದು ಈ ಮಗ್ಗಿಯೇ.

ಅದು ಆಗಸ್ಟ್. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಗಡಿಯಾರ 11 ದಾಟಿತ್ತು. ರಾಯಚೂರಿನ ಬಿಸಿಲು ಕಂಡವರಿಗೆ ಬಿಸಿಲು ಹೊಸದಲ್ಲ, ಆದರೆ ಅದು ಒಣ ಬಿಸಿಲು. ಇಲ್ಲಿ ಸಮುದ್ರದ ತೇವ ಸೇರಿ ಕನ್ನಡಕ ಮಂಜಾಗುತ್ತದೆ, ಕೈಗವಸಿನೊಳಗೆ ಬೆವರು ನಿಲ್ಲುತ್ತದೆ. ಗುತ್ತಿಗೆ ಕಂಪನಿಯ ಫೋರ್‌ಮನ್ ಕೊಪ್ಪಳದ ಕಡೆಯವರು. ಹಿಂದಿ, ಮಲಯಾಳಂಗಳ ನಡುವೆ ದಿನವಿಡೀ ಕಳೆಯುವವನಿಗೆ ‘ಏನ್ರೀ, ಊಟ ಆಯಿತೇ’ ಎಂಬ ದನಿ ಕೇಳಿದರೆ ಎಷ್ಟು ಆಪ್ಯಾಯವೆಂದು ನೀವು ಬಂದ ಮೇಲೆ ತಿಳಿಯುತ್ತೀರಿ. ಅವರು ಹೇಳಿದರು: ‘ಮೇಲಿನದನ್ನು ನಿನ್ನೆ ನಾನೇ ನಿಂತು ನೋಡಿದ್ದೇನೆ. ಜಂಕ್ಷನ್ ಬಾಕ್ಸಿನಿಂದಲೇ ಕಳಿಸಿಬಿಡಿ. ಇಂದಿನ ಲೆಕ್ಕಕ್ಕೆ ಎರಡು ಕಡಿಮೆ ಬಿದ್ದರೆ ನನಗೆ ಮಾತು ಬರುತ್ತದೆ.’ ನಮ್ಮವರು, ಹೊಂದಿಕೊಂಡು ಹೋಗೋಣ ಎಂದುಕೊಂಡೆ. ಜಂಕ್ಷನ್ ಬಾಕ್ಸಿನಿಂದ ಮಗ್ಗಿ ಹೇಳಿದೆ, ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಬಂತು. ಎರಡೂ ಹಾಳೆಗಳಿಗೆ ಸಹಿ ಹಾಕಿದೆ.

ಮಾಪಕಗಳಿಂದ ಜಂಕ್ಷನ್ ಬಾಕ್ಸಿನವರೆಗಿನ ತಂತಿಗಳು ಅದಲುಬದಲಾಗಿದ್ದವು. ನಾನು ಪರೀಕ್ಷಿಸದೆ ಬಿಟ್ಟದ್ದು ಅಷ್ಟೇ ಭಾಗ. ಕೆಲವು ದಿನಗಳ ನಂತರ ರಾತ್ರಿ ಪಾಳಿಯಲ್ಲಿ ಮೊದಲ ಟ್ಯಾಂಕಿಗೆ ಪರೀಕ್ಷೆಯ ನೀರು ತುಂಬಿಸುವಾಗ ಪರದೆಯ ಮೇಲೆ ಏರಿದ್ದು ಎರಡನೆಯದರ ಮಟ್ಟ. ಮೊದಲನೆಯದು ಸೊನ್ನೆಯಲ್ಲೇ ನಿಂತಿತ್ತು. ನೋಡುತ್ತಿದ್ದವರು ಯಾವುದೋ ವಾಲ್ವ್ ಸೋರುತ್ತಿದೆ ಎಂದು ಅದನ್ನು ಹುಡುಕಲು ಆಳು ಕಳಿಸಿದರು, ಪಂಪು ನಡೆಯುತ್ತಲೇ ಇತ್ತು. ಟ್ಯಾಂಕು ತುಂಬಿದರೆ ಪಂಪು ನಿಲ್ಲಿಸಬೇಕಾದ ಮೇಲ್ಮಟ್ಟದ ಸ್ವಿಚ್ಚನ್ನು ಕೆಲಸ ಮಾಡದಂತೆ ಇನ್ನೂ ಬೈಪಾಸಿನಲ್ಲಿ ಇಟ್ಟಿದ್ದರು. ಟ್ಯಾಂಕು ತುಂಬಿ ಹರಿದು, ಕೇಬಲ್ ಟ್ರೆಂಚು ಮುಳುಗಿ, ಒಂದು ಪ್ಯಾನೆಲ್ಲಿನೊಳಗೆ ನೀರು ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಅಲ್ಲಿದ್ದದ್ದು ನೀರು. ಎರಡು ತಿಂಗಳು ತಡವಾಗಿ ಬೆಳಕಿಗೆ ಬಂದಿದ್ದರೆ ಅಲ್ಲಿ ಬೇರೆಯದೇ ದ್ರವ ಇರುತ್ತಿತ್ತು.

ಬೆಳಿಗ್ಗೆ ಲೂಪ್ ಫೋಲ್ಡರ್ ತೆರೆದು ಮೇಜಿನ ಮೇಲಿಟ್ಟರು. ‘ಕಣ್ಣಾರೆ ಕಂಡವರು’ ಎಂಬ ಅರ್ಥದ ಜಾಗದಲ್ಲಿ ನನ್ನ ಹೆಸರು. ಫೋರ್‌ಮನ್ನರ ಸಹಿ ಅಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ತಮಗೆ ಗೊತ್ತಿದ್ದನ್ನು ಹೇಳಿದ್ದರು. ಕಂಡೆ ಎಂದು ಸುಳ್ಳು ಬರೆದವನು ನಾನು. ಆ ಯೋಜನೆ ಮುಗಿಯುವವರೆಗೆ ನನ್ನ ಸಹಿಯ ಪ್ರತಿ ಹಾಳೆಯನ್ನೂ ಇನ್ನೊಬ್ಬರು ಮತ್ತೆ ಪರೀಕ್ಷಿಸುತ್ತಿದ್ದರು. ಆ ಏಳು ತಿಂಗಳು ನಾನು ತಲೆ ಎತ್ತಿ ಊಟದ ಹಾಲಿಗೆ ಹೋದವನಲ್ಲ.

ಆದ್ದರಿಂದ ಹೇಳುತ್ತೇನೆ: ನಮ್ಮವರು ಸಿಕ್ಕರೆ ರೊಟ್ಟಿ ಹಂಚಿಕೊಳ್ಳಿ, ಕಷ್ಟಕ್ಕೆ ಹಣ ಕೊಡಿ, ಆಸ್ಪತ್ರೆಯಲ್ಲಿ ರಾತ್ರಿ ಕುಳಿತುಕೊಳ್ಳಿ. ಕಾಣದ್ದಕ್ಕೆ ಸಹಿ ಮಾತ್ರ ಕೊಡಬೇಡಿ. ‘ಇಂದು ಆಗಲಿಲ್ಲ’ ಎಂದು ಬರೆಯುವುದಕ್ಕೆ ಹಾಳೆಯಲ್ಲಿ ಜಾಗವಿದೆ, ಬಾಕಿ ಕೆಲಸಗಳ ಪಂಚ್ ಪಟ್ಟಿ ಇರುವುದೇ ಅದಕ್ಕಾಗಿ. ನಮ್ಮ ಕಡೆಯವರು ‘ಆಗುವುದಿಲ್ಲ’ ಎನ್ನಲು ನಾಚುತ್ತೇವೆ, ದೊಡ್ಡವರ ಎದುರು ಮಾತಾಡಬಾರದೆಂದು ಬೆಳೆದಿದ್ದೇವೆ. ಇಲ್ಲಿ ನಿಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಎಂಜಿನಿಯರಿಗೂ ‘ಸರ್, ಇದನ್ನು ನಾನು ನೋಡಿಲ್ಲ’ ಎಂದು ಹೇಳಲು ಕಲಿಯಿರಿ. ಗೌರವ ಕಡಿಮೆಯಾಗುವುದಿಲ್ಲ.

ಮುಂದೆ ಬೆಳೆಯುವ ದಾರಿಯ ಬಗ್ಗೆ ಎರಡು ಮಾತು. ಟೆಕ್ನಿಷಿಯನ್ ಆಗಿ ಬಂದವರು ಸೂಪರ್‌ವೈಸರ್, ಎಂಜಿನಿಯರ್ ಆಗಬಹುದು, ನಾನೇ ಹಾಗೆ ಬಂದವನು. ಅಪಾಯಕಾರಿ ವಲಯದ ವಿದ್ಯುತ್ ಉಪಕರಣಗಳಿಗೆ ಕಾಂಪೆಕ್ಸ್ ಪ್ರಮಾಣಪತ್ರ ಮಾಡಿಕೊಳ್ಳಿ, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಪ್ರತಿ ಸಂಜೆ ಆ ದಿನ ಚಾಲನೆ ಕೊಟ್ಟ ವ್ಯವಸ್ಥೆಯ ಹೆಸರು, ವೋಲ್ಟೇಜು, ರಿಲೇ, ಡಿಸಿಎಸ್ (ಘಟಕವನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಯಾವುದೆಂದು ಬರೆದಿಡಿ, ಮುಂದಿನ ಸಂದರ್ಶನದಲ್ಲಿ ಕೇಳುವುದು ಅದನ್ನೇ. ಅನುಭವ ಪತ್ರವನ್ನು ಯೋಜನೆ ಮುಗಿಯುವ ಮೊದಲೇ ಪಡೆಯಿರಿ. ಒಮ್ಮೆ ನಾನು ರಜೆಗೆ ಹೋಗಿ ಬರುವಷ್ಟರಲ್ಲಿ ಕಚೇರಿಯಾಗಿದ್ದ ಪೋರ್ಟಾ ಕ್ಯಾಬಿನ್‌ಗಳನ್ನೆಲ್ಲ ಕ್ರೇನಿನಿಂದ ಎತ್ತಿಕೊಂಡು ಹೋಗಿದ್ದರು. ಖಾಲಿ ಮರಳಿನ ಮುಂದೆ ನಿಂತು ಪತ್ರ ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ. ಒಂದು ಯೋಜನೆಗೂ ಇನ್ನೊಂದಕ್ಕೂ ನಡುವೆ ಕೆಲಸವಿಲ್ಲದ ತಿಂಗಳುಗಳು ಬರುತ್ತವೆ, ಸಂಬಳ ಬಂದಾಗಲೇ ಅವಕ್ಕೆ ತೆಗೆದಿಡಿ.

ಸ್ಥಳೀಯ ಯುವಕರಿಗೆ ಕೆಲಸ ಕಲಿಸಬೇಕಾಗುತ್ತದೆ. ಕಲಿಸಿದರೆ ನಮ್ಮ ಅನ್ನ ಹೋಗುತ್ತದೆ ಎಂದು ಕೆಲವರು ಅರ್ಧ ಬಚ್ಚಿಡುತ್ತಾರೆ. ಹಾಗೆ ಮಾಡಬೇಡಿ. ನನ್ನ ಪಕ್ಕದಲ್ಲಿ ಮೊದಲ ಬಾರಿಗೆ ಮಾಪಕಗಳನ್ನು ಹೊಂದಿಸುವ ಹಾರ್ಟ್ ಕಮ್ಯುನಿಕೇಟರ್ ಹಿಡಿದ ಸೌದಿ ಹುಡುಗ ಈಗ ಮಾಲೀಕರ ಪರವಾಗಿ ಘಟಕ ವಹಿಸಿಕೊಳ್ಳುವ ಎಂಜಿನಿಯರ್. ನಾನು ಕೊಟ್ಟ ಫೋಲ್ಡರಿಗೆ ಸಹಿ ಹಾಕುವ ಮುನ್ನ ತಾನೇ ಟ್ಯಾಂಕು ಹತ್ತಿ ನೋಡುತ್ತಾನೆ. ಅವನು ಏಣಿ ಹತ್ತುವುದನ್ನು ಕೆಳಗೆ ನಿಂತು ನೋಡುವಾಗ ನನಗೆ ಆಗುವ ಸಂತೋಷ ಹೇಳತೀರದು.

ಈ ವೃತ್ತಿಯಲ್ಲಿ ಮನಸ್ಸಿಗೆ ಒಗ್ಗದ ಒಂದು ಸಂಗತಿಯಿದೆ. ಘಟಕ ಹಸ್ತಾಂತರವಾದ ದಿನ ನಮ್ಮ ಗೇಟ್ ಪಾಸ್ ವಾಪಸ್ ಪಡೆಯುತ್ತಾರೆ. ಯಾವ ಮೋಟಾರು ಯಾವ ದನಿಯಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಜಾಗಕ್ಕೆ ಮರುದಿನ ಕಾಲಿಡುವಂತಿಲ್ಲ. ಹದಿನೈದು ವರ್ಷಗಳ ಮೇಲೆ ಈ ಊರಿನಲ್ಲಿ ಬಾಳಿದ್ದೇನೆ, ರಾತ್ರಿ ಹೆದ್ದಾರಿಯಲ್ಲಿ ಹೋಗುವಾಗ ಎಷ್ಟೋ ದೀಪಸಾಲುಗಳು ನಾನು ಹಚ್ಚಿದವು, ಒಂದರೊಳಕ್ಕೂ ಹೋಗಲಾರೆ. ಮನೆಗಳ ವಿಷಯವೂ ಹಾಗೆಯೇ. 2017ರ ಜುಲೈಯಿಂದ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ನಮ್ಮ ಕಟ್ಟಡದಲ್ಲಿ ಎಷ್ಟೋ ಮನೆಗಳು ಖಾಲಿಯಾದವು. ನಾನೂ 2018ರಲ್ಲಿ ಹೆಂಡತಿ, ಮಕ್ಕಳನ್ನು ರಾಯಚೂರಿಗೆ ಕಳಿಸಿದೆ. ಮೂರು ವರ್ಷ ಮತ್ತೆ ಒಂಟಿ.

ಆ ಮೂರು ವರ್ಷಗಳ ಲೆಕ್ಕವನ್ನು ನಾನು ಇನ್ನೂ ಮುಗಿಸಿಲ್ಲ. ಇಲ್ಲಿದ್ದಾಗ ಕನ್ನಡ ಅಕ್ಷರ ಗೊತ್ತಿರದ ಮಗಳು ಅಲ್ಲಿ ತಾತನಿಗೆ ದಿನಪತ್ರಿಕೆ ಓದಿ ಹೇಳುವಷ್ಟಾದಳು. ಅವರೆಲ್ಲ ಇಲ್ಲಿಗೆ ಮರಳುವಾಗ ಅವಳು ಬರುವುದಿಲ್ಲವೆಂದಳು, ಪಿಯುಸಿ ಅಲ್ಲೇ ಓದಿದಳು. ಮಗ ಆಗ ಚಿಕ್ಕವನು. ಬಂದ ಎರಡು ವರ್ಷಕ್ಕೆ ಕಲಿತ ಅಕ್ಷರವೆಲ್ಲ ಮರೆತ. ರಾಯಚೂರಿನ ಮನೆಯನ್ನು ‘ಅಜ್ಜಿ ಮನೆ’ ಎನ್ನುತ್ತಾನೆ, ಜುಬೈಲಿನ ಮನೆಯನ್ನು ‘ನಮ್ಮ ಫ್ಲಾಟ್’ ಎನ್ನುತ್ತಾನೆ. ಹನ್ನೆರಡನೆಯ ತರಗತಿ ಮುಗಿದರೆ ಅವನೂ ಓದಿಗಾಗಿ ಹೊರಡಬೇಕು. ಮಕ್ಕಳನ್ನು ಕರೆತರುವ ಯೋಚನೆಯಿದ್ದರೆ ಈ ದಿನವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ, ಮನೆಯೊಳಗೆ ಕನ್ನಡವನ್ನು ಒಂದು ದಿನವೂ ಬಿಡಬೇಡಿ. ನಾವು ದಣಿದು ಬಂದು ಬಿಟ್ಟೆವು.

ಈಗ ಶುಕ್ರವಾರ ಬೆಳಿಗ್ಗೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕನ್ನಡ ಮಗ್ಗಿ ಹೇಳಿಸುತ್ತೇನೆ. ನಾಲ್ಕರದು ಮಾತ್ರ ಬಾಯಿಗೆ ಬಂದಿದೆ, ಅಪ್ಪನ ಕೆಲಸದ ಮಗ್ಗಿ ಎಂದು ಅದರ ಮೇಲೆ ಅವನಿಗೆ ಪ್ರೀತಿ. ಬಂದ ಮೊದಲ ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ. ತರುವುದಿದ್ದರೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತನ್ನಿ. ಅವನು ಇಂಗ್ಲಿಷಿನಲ್ಲಿ ಉತ್ತರಿಸಿದರೂ ನೀವು ಅವನೊಂದಿಗೆ ಕನ್ನಡದಲ್ಲೇ ಮಾತಾಡಿ.